ಕ್ಷಯವಲ್ಲದ ಕ್ಷಯ ಮತ್ತು ಹೆಸರಿಲ್ಲದ ಸಾವುಗಳು

ವಿಶ್ವ ಆರೋಗ್ಯ ಸಂಸ್ಥೆ ಪ್ರತಿವರ್ಷ ಕ್ಷಯರೋಗದ ಜಾಗತಿಕ ವರದಿಯನ್ನು ಪ್ರಕಟಿಸುತ್ತದೆ. ಪತ್ರಿಕೆಗಳು ಅದರಿಂದ ಎರಡು ಸಂಖ್ಯೆಗಳನ್ನು ಎತ್ತಿಕೊಂಡು ಸುದ್ದಿ ಮಾಡುತ್ತವೆ: ಎಷ್ಟು ಮಂದಿಗೆ ರೋಗ ತಗಲಿತು, ಎಷ್ಟು ಮಂದಿ ಸತ್ತರು. 2023ರ ಲೆಕ್ಕದ ಪ್ರಕಾರ ರೋಗಿಗಳು 1 ಕೋಟಿ 8 ಲಕ್ಷ, ಸಾವುಗಳು ಹನ್ನೆರಡೂವರೆ ಲಕ್ಷ. ಅದೇ ವರದಿಯಲ್ಲಿ ಹೆಚ್ಚಿನವರು ಗಮನಿಸದ ಮೂರನೆಯ ಸಂಖ್ಯೆಯೊಂದಿದೆ. ಶ್ವಾಸಕೋಶದ ಕ್ಷಯವೆಂದು ದಾಖಲಾದವರಲ್ಲಿ ಪ್ರಯೋಗಾಲಯದ ದೃಢೀಕರಣವಿದ್ದದ್ದು ಶೇ. 62ರಷ್ಟು ಮಂದಿಗೆ ಮಾತ್ರ. ಉಳಿದವರನ್ನು ಎಕ್ಸ್‌ರೇಯ ಕಲೆಗಳನ್ನೂ ಕೆಮ್ಮು, ಜ್ವರ, ತೂಕ ಇಳಿಕೆಯ ಲಕ್ಷಣಗಳನ್ನೂ ನೋಡಿ ಕ್ಷಯರೋಗಿಗಳೆಂದು ತೀರ್ಮಾನಿಸಲಾಗಿತ್ತು.

ಈ ತೀರ್ಮಾನಗಳೆಲ್ಲ ತಪ್ಪೆಂದು ಯಾರೂ ಹೇಳಲಾರರು. ಮಕ್ಕಳು ಕಫ ಕೊಡಲಾರರು, ಎಚ್‌ಐವಿ ಪೀಡಿತರ ಕಫದಲ್ಲಿ ರೋಗಾಣು ಸುಲಭವಾಗಿ ಕಾಣಿಸದು. ಅಂಥವರಿಗೆ ವೈದ್ಯನ ಅನುಭವವೇ ಆಧಾರ. ಆದರೆ ಆ ಗುಂಪಿನಲ್ಲಿ ಕ್ಷಯವೇ ಇಲ್ಲದವರು ಎಷ್ಟು ಮಂದಿ? ಅವರಿಗೆ ಇದ್ದ ರೋಗ ಯಾವುದು? ಆರು ತಿಂಗಳು ನುಂಗಿದ ಮಾತ್ರೆ ಆ ರೋಗಕ್ಕೆ ತಾಗಿತೇ? ದೃಢೀಕರಣ ಪಡೆದ ಶೇ. 62ರ ಬಗ್ಗೆಯೂ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಏಕೆಂದರೆ ಬಡ ರಾಷ್ಟ್ರಗಳಲ್ಲಿ ಇಂದಿಗೂ ದೃಢೀಕರಣವೆಂದರೆ ಹಲವೆಡೆ ಸೂಕ್ಷ್ಮದರ್ಶಕದ ಕೆಳಗೆ ಕಂಡ ಕೆಂಪು ಕಡ್ಡಿಗಳು, ಅಷ್ಟೇ.

ರಾಬರ್ಟ್ ಕೋಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು. ಮುಂದೆ ಝೀಲ್ ಮತ್ತು ನೀಲ್ಸನ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳ ಹೆಸರಿನಲ್ಲಿ ಬಣ್ಣ ಹಾಕುವ ವಿಧಾನವೊಂದು ರೂಢಿಗೆ ಬಂತು. ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಿಸಿ ಮಾಡಿ ಕೆಂಪು ಬಣ್ಣವೇರಿಸಿ, ಬಳಿಕ ಆಮ್ಲದಿಂದ ತೊಳೆಯುವುದು. ಬೇರೆ ಜೀವಾಣುಗಳು ಬಣ್ಣ ಬಿಡುತ್ತವೆ, ಮೈಮೇಲೆ ಮೇಣದಂಥ ಹೊದಿಕೆಯುಳ್ಳ ಕ್ಷಯಾಣು ಬಿಡದು. ಸಮಸ್ಯೆ ಇರುವುದೇ ಇಲ್ಲಿ. ಆ ಮೇಣದ ಹೊದಿಕೆ ಕ್ಷಯಾಣುವಿನ ಸ್ವಂತ ಸೊತ್ತಲ್ಲ. ಮೈಕೋಬ್ಯಾಕ್ಟೀರಿಯಾ ಎಂಬ ಇಡೀ ಕುಲಕ್ಕೇ ಅದು ಸೇರಿದ್ದು, ಆ ಕುಲದಲ್ಲಿ 190ಕ್ಕೂ ಹೆಚ್ಚು ಪ್ರಭೇದಗಳಿವೆ. ಮಣ್ಣಿನಲ್ಲಿ, ಕೆರೆಯಲ್ಲಿ, ನಲ್ಲಿಯ ಕೊಳವೆಯಲ್ಲಿ ಅವು ವಾಸಿಸುತ್ತವೆ. ಹೆಚ್ಚಿನವು ನಿರುಪದ್ರವಿಗಳು. ಕೆಲವು ಮಾತ್ರ ಮೊದಲೇ ಹಾನಿಗೊಂಡ ಶ್ವಾಸಕೋಶವನ್ನು ಹೊಕ್ಕು ಕ್ಷಯದಂಥದ್ದೇ ಕೆಮ್ಮು, ಕ್ಷಯದಂಥದ್ದೇ ಜ್ವರ, ಎಕ್ಸ್‌ರೇಯಲ್ಲಿ ಕ್ಷಯದಂಥದ್ದೇ ಗುಳಿಗಳನ್ನು ಉಂಟುಮಾಡುತ್ತವೆ. ವೈದ್ಯರು ಇವನ್ನು ಕ್ಷಯೇತರ ಮೈಕೋಬ್ಯಾಕ್ಟೀರಿಯಾ ಎನ್ನುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಇವಕ್ಕೂ ಕ್ಷಯಾಣುವಿಗೂ ವ್ಯತ್ಯಾಸ ಹೇಳುವುದು ಅತ್ಯಂತ ಅನುಭವಿ ತಂತ್ರಜ್ಞನಿಗೂ ಸಾಧ್ಯವಿಲ್ಲ.

ಕಫ ಪರೀಕ್ಷೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬಡವನ ಪಾಲಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಜಗತ್ತು ಉಲ್ಲೇಖಿಸುತ್ತದೆ. ಹಳ್ಳಿಯ ಕ್ಷಯರೋಗಿಗಳು ಅಜ್ಞಾನದಿಂದ ಮನೆಯಲ್ಲೇ ಕೂತಿರುತ್ತಾರೆಂಬ ನಗರದ ನಂಬಿಕೆಯನ್ನು ಅದು ಬುಡಮೇಲು ಮಾಡಿತು. ಸುಮಾರು ಅರ್ಧದಷ್ಟು ರೋಗಿಗಳು ತಾವಾಗಿಯೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಲಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೊಂದು ಸೂಕ್ಷ್ಮದರ್ಶಕವಿದ್ದರೆ ಈ ಅನ್ಯಾಯ ತಪ್ಪುತ್ತದೆ ಎಂಬ ವಿವೇಕ ಮೂಡಿದ್ದು ಇಂಥ ಅಧ್ಯಯನಗಳಿಂದಲೇ. ಆದರೆ ಆರು ದಶಕಗಳ ಹಿಂದಿನ ವಿವೇಕವೇ ಇಂದಿನ ಕೊನೆಯ ಮಾತಾಗಬೇಕೆಂದೇನೂ ಇಲ್ಲವಷ್ಟೆ.

ತಪ್ಪು ಹೇಗೆ ಬೆಳೆಯುತ್ತದೆಂಬುದನ್ನು ನೋಡೋಣ. ಹಿಂದೊಮ್ಮೆ ಕ್ಷಯ ಬಂದು ವಾಸಿಯಾದ ಒಬ್ಬ ಕಲ್ಲುಕೋರೆಯ ಕಾರ್ಮಿಕನೆಂದಿಟ್ಟುಕೊಳ್ಳಿ. ಕೆಲವು ವರ್ಷಗಳ ಬಳಿಕ ಅವನಿಗೆ ಮತ್ತೆ ಕೆಮ್ಮು, ಕಫದಲ್ಲಿ ರಕ್ತ. ಪರೀಕ್ಷಿಸಿದರೆ ಕೆಂಪು ಕಡ್ಡಿಗಳು ಕಾಣುತ್ತವೆ. ಕ್ಷಯ ಮರುಕಳಿಸಿದೆಯೆಂದು ಚಿಕಿತ್ಸೆ ಆರಂಭವಾಗುತ್ತದೆ. ಐದು ತಿಂಗಳಾದರೂ ಕಡ್ಡಿಗಳು ಮಾಯವಾಗುವುದಿಲ್ಲ. ಮಾತ್ರೆ ಸರಿಯಾಗಿ ನುಂಗಿಲ್ಲವೆಂಬ ಬೈಗುಳ ಮೊದಲು ಅವನ ಪಾಲಿಗೆ ಬರುತ್ತದೆ. ಆಮೇಲೆ ‘ಚಿಕಿತ್ಸೆ ವಿಫಲ’ ಎಂಬ ಮುದ್ರೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೈಬಿಡುವ ತನಕ ಇಂಥವರಿಗೆಲ್ಲ ಹಳೆಯ ಔಷಧಗಳ ಜೊತೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಸೇರಿಸಿದ ಎಂಟು ತಿಂಗಳ ಎರಡನೇ ಚಿಕಿತ್ಸೆ ನಡೆಯುತ್ತಿತ್ತು. ಅದೂ ಫಲಿಸದಿದ್ದರೆ ಔಷಧ ನಿರೋಧಕ ಕ್ಷಯವೆಂಬ ಹೊಸ ಹೆಸರು.

ಇಲ್ಲೊಂದು ಬಲೆಯಿದೆ. ನಿರೋಧಕ ಶಕ್ತಿಯನ್ನು ತಿಳಿಯಲು ಕಫದ ರೋಗಾಣುವನ್ನು ಕಲ್ಚರ್ ಮಾಡಿ ಬೆಳೆಸಿ ಅದಕ್ಕೆ ಔಷಧಗಳನ್ನು ಒಡ್ಡುತ್ತಾರೆ. ಬೆಳೆದದ್ದು ಯಾವ ಪ್ರಭೇದ ಎಂದು ಗುರುತಿಸದೆಯೇ ಔಷಧವನ್ನು ಒಡ್ಡಿದರೆ ಏನಾಗುತ್ತದೆ? ಕ್ಷಯೇತರ ಪ್ರಭೇದಗಳಲ್ಲಿ ಹಲವಕ್ಕೆ ಐಸೊನಿಯಾಜಿಡ್, ರಿಫಾಂಪಿಸಿನ್‌ಗಳು ಹುಟ್ಟಿನಿಂದಲೇ ನಾಟುವುದಿಲ್ಲ. ವರದಿಯಲ್ಲಿ ‘ಎರಡೂ ಔಷಧಗಳಿಗೆ ನಿರೋಧಕ’ ಎಂದು ಬರುತ್ತದೆ. ಬಹುಔಷಧ ನಿರೋಧಕ ಕ್ಷಯದ ವ್ಯಾಖ್ಯೆಯೂ ಅದೇ! ಹೀಗೆ ಪ್ರಯೋಗಾಲಯವೇ ತಪ್ಪಿಗೆ ವೈಜ್ಞಾನಿಕ ಮೊಹರು ಒತ್ತುತ್ತದೆ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮತ್ತೆ ಮತ್ತೆ ಚಿಕಿತ್ಸೆ ಪಡೆದೂ ಗುಣವಾಗದೆ ದೀರ್ಘಕಾಲಿಕ ಕ್ಷಯವೆಂದು ದಾಖಲಾದವರ ನಡುವೆ ಕ್ಷಯೇತರ ರೋಗಾಣುಗಳ ಸೋಂಕುಳ್ಳವರು ಇದ್ದುದನ್ನು ತೋರಿಸಿಕೊಟ್ಟಿತು. ಯಾರೂ ನೋಡಿರಲಿಲ್ಲ, ಆದ್ದರಿಂದ ಕಂಡಿರಲಿಲ್ಲ.

ಈ ತಪ್ಪಿಗೆ ರೋಗಿ ತೆತ್ತ ಬೆಲೆಯೇನು? ನಿರೋಧಕ ಕ್ಷಯದ ಹಳೆಯ ಚಿಕಿತ್ಸೆ 18ರಿಂದ 24 ತಿಂಗಳು ನಡೆಯುತ್ತಿತ್ತು. ತಿಂಗಳುಗಟ್ಟಲೆ ದಿನಂಪ್ರತಿ ಕನಾಮೈಸಿನ್ ಚುಚ್ಚುಮದ್ದು. ಅದರಿಂದ ಕಿವುಡರಾದವರ ಸಂಖ್ಯೆ ಕಡಿಮೆಯಲ್ಲ. ಆ ಕಿವುಡು ಶಾಶ್ವತ. ವಿಶ್ವ ಆರೋಗ್ಯ ಸಂಸ್ಥೆ ಕನಾಮೈಸಿನನ್ನು ಕೈಬಿಡುವಂತೆ ಹೇಳಿದ್ದು 2018ರಲ್ಲಿ. ಇಲ್ಲದ ರೋಗಕ್ಕಾಗಿ ಶ್ರವಣಶಕ್ತಿಯನ್ನು ಕಳೆದುಕೊಂಡವರ ಲೆಕ್ಕವನ್ನು ಯಾವ ದೇಶವೂ ಇಟ್ಟಂತಿಲ್ಲ. ಈಗ ಬೆಡಾಕ್ವಿಲಿನ್ ಸೇರಿದ ಆರು ತಿಂಗಳ ಮಾತ್ರೆಗಳ ಚಿಕಿತ್ಸೆ ಬಂದಿದ್ದು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿವೆ. ಸಂತೋಷವೇ. ಆದರೆ ಅತ್ಯುತ್ತಮ ಔಷಧವೂ ತಪ್ಪು ರೋಗಕ್ಕೆ ಕೊಟ್ಟಾಗ ಅತ್ಯುತ್ತಮವಾಗಿ ಉಳಿಯದು.

ಅಷ್ಟಕ್ಕೂ ಕ್ಷಯೇತರ ರೋಗಾಣುಗಳಿಗೆಲ್ಲ ಒಂದೇ ಮದ್ದೆಂಬುದೂ ಇಲ್ಲ. ಕನ್ಸಾಸಿ ಎಂಬ ಪ್ರಭೇದ ರಿಫಾಂಪಿಸಿನ್ ಒಳಗೊಂಡ ಚಿಕಿತ್ಸೆಗೆ ಚೆನ್ನಾಗಿ ಮಣಿಯುತ್ತದೆ. ಏವಿಯಂ ಗುಂಪಿಗೆ ಅಜಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ಬೆನ್ನೆಲುಬಾಗಬೇಕು. ಕಫದಲ್ಲಿ ರೋಗಾಣು ಇಲ್ಲವಾದ ಮೇಲೂ ಒಂದು ವರ್ಷ ಔಷಧ ಸಾಗಬೇಕು. ಅಬ್ಸೆಸಸ್ ಎಂಬುದಂತೂ ಮಹಾ ಹಠಮಾರಿ. ಅದರ ಹಲವು ತಳಿಗಳಲ್ಲಿರುವ ವಂಶವಾಹಿಯೊಂದು ಔಷಧ ಸೋಕಿದ ಬಳಿಕವೇ ಎಚ್ಚೆತ್ತು ನಿರೋಧಕ ಶಕ್ತಿಯನ್ನು ತೋರುತ್ತದೆ. ಪ್ರಯೋಗಾಲಯದಲ್ಲಿ 14 ದಿನ ಕಾದು ನೋಡದಿದ್ದರೆ ‘ಔಷಧ ನಾಟುತ್ತದೆ’ ಎಂಬ ಸುಳ್ಳು ವರದಿ ಕೈಗೆ ಬರುತ್ತದೆ. ಆದುದರಿಂದ ‘ಕ್ಷಯವಲ್ಲ’ ಎಂದು ಹೇಳಿಬಿಡುವುದು ಅರ್ಧ ಉತ್ತರವಷ್ಟೆ. ಯಾವುದೆಂದು ಹೇಳಬೇಕು. ಇನ್ನೊಂದೆಡೆ, ನೀರಿನಿಂದಲೋ ಪಾತ್ರೆಯಿಂದಲೋ ಕಫಕ್ಕೆ ಸೇರಿಕೊಂಡ ನಿರುಪದ್ರವಿಯನ್ನೂ ರೋಗವೆಂದು ಭ್ರಮಿಸುವ ಅಪಾಯವಿದೆ. ಅದಕ್ಕಾಗಿ ಕನಿಷ್ಠ ಎರಡು ಬೇರೆ ಬೇರೆ ಕಫದ ಮಾದರಿಗಳಲ್ಲಿ ಅದೇ ಪ್ರಭೇದ ಬೆಳೆಯಬೇಕು, ಲಕ್ಷಣವೂ ಎಕ್ಸ್‌ರೇ ಅಥವಾ ಸ್ಕ್ಯಾನ್ ಚಿತ್ರವೂ ಹೊಂದಬೇಕು ಎಂಬುದು ಅಂತಾರಾಷ್ಟ್ರೀಯ ಮಾನದಂಡ. ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಬರುವವನಿಗೆ ಎರಡೆರಡು ಬಾರಿ ಕಲ್ಚರ್, ಒಂದು ಸ್ಕ್ಯಾನ್! ಮಾನದಂಡವನ್ನು ರೂಪಿಸಿದವರು ಇವನನ್ನು ಕಂಡವರಲ್ಲ.

2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆದ ಎಕ್ಸ್‌ಪರ್ಟ್ ಯಂತ್ರ ಬಂದಾಗ ಎಲ್ಲವೂ ಬಗೆಹರಿಯಿತೆಂದು ಭಾವಿಸಲಾಗಿತ್ತು. ಎರಡು ಗಂಟೆಯೊಳಗೆ ಕ್ಷಯಾಣುವಿನ ವಂಶವಾಹಿಯನ್ನು ಹುಡುಕಿ, ರಿಫಾಂಪಿಸಿನ್ ನಾಟುವುದೋ ಇಲ್ಲವೋ ಎಂಬುದನ್ನೂ ಅದು ಹೇಳುತ್ತದೆ. ಗೋವಾದ ಕಂಪೆನಿ ತಯಾರಿಸಿದ ಟ್ರೂನ್ಯಾಟ್‌ಗೂ 2020ರಲ್ಲಿ ಮನ್ನಣೆ ದೊರೆಯಿತು. ಇವು ದೊಡ್ಡ ಹೆಜ್ಜೆಗಳೆಂಬುದರಲ್ಲಿ ಎರಡು ಮಾತಿಲ್ಲ. ಕಫದಲ್ಲಿ ಕೆಂಪು ಕಡ್ಡಿಗಳಿದ್ದು, ಯಂತ್ರ ‘ಕ್ಷಯಾಣು ಇಲ್ಲ’ ಎಂದರೆ ಅದು ಕ್ಷಯೇತರ ರೋಗಾಣುವಿನ ಬಲವಾದ ಸುಳಿವು. ಎರಡು ಅಗ್ಗದ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಸಾಕು, ಸಂಶಯ ಹುಟ್ಟುತ್ತದೆ. ದುರಂತವೆಂದರೆ, ಯಂತ್ರ ಬಂದಲ್ಲಿ ಸೂಕ್ಷ್ಮದರ್ಶಕ ಮೂಲೆ ಸೇರುತ್ತದೆ, ಸೂಕ್ಷ್ಮದರ್ಶಕ ಇರುವಲ್ಲಿಗೆ ಯಂತ್ರ ತಲುಪಿಲ್ಲ. 2023ರಲ್ಲಿ ಜಗತ್ತಿನ ಕ್ಷಯರೋಗಿಗಳಲ್ಲಿ ಮೊದಲ ಪರೀಕ್ಷೆಯಾಗಿ ಇಂಥ ಯಂತ್ರದ ತಪಾಸಣೆ ಪಡೆದವರು ಶೇ. 48 ಮಾತ್ರ. ಒಂದು ಪರೀಕ್ಷೆಯ ಕಾರ್ಟ್ರಿಜ್‌ಗೆ ಬಡ ರಾಷ್ಟ್ರಗಳಿಂದ 10 ಡಾಲರಿನಷ್ಟು ಪಡೆಯುತ್ತಿದ್ದ ಅಮೆರಿಕನ್ ಕಂಪೆನಿ, ಆರೋಗ್ಯ ಕಾರ್ಯಕರ್ತರು ಬೆನ್ನುಹತ್ತಿದ ಮೇಲೆ 2023ರಲ್ಲಿ ಅದನ್ನು 8 ಡಾಲರಿಗೆ ಇಳಿಸಿತು. ಐದು ಡಾಲರಿಗೆ ಕೊಡಿ ಎಂಬುದು ಅವರ ಬೇಡಿಕೆಯಾಗಿತ್ತು.

ಕ್ಷಯೇತರ ಸೋಂಕು ಶ್ರೀಮಂತ ದೇಶಗಳ ರೋಗವೆಂಬ ಮಾತು ವೈದ್ಯ ವಲಯದಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು. ಜಪಾನಿನಲ್ಲಿ 2014ರ ಸಮೀಕ್ಷೆಯೊಂದು ಲಕ್ಷ ಜನರಿಗೆ 14.7 ಹೊಸ ರೋಗಿಗಳನ್ನು ಕಂಡಿತು. ಅದು ಅಲ್ಲಿನ ಕ್ಷಯರೋಗಿಗಳ ಪ್ರಮಾಣಕ್ಕೆ ಹೆಚ್ಚುಕಡಿಮೆ ಸಮ. ಹಾಗಾದರೆ ನಮ್ಮ ಮಣ್ಣು ನೀರಿನಲ್ಲಿ ಈ ರೋಗಾಣುಗಳಿಲ್ಲವೇ? ಉತ್ತರ ಅರ್ಧ ಶತಮಾನದ ಹಿಂದೆಯೇ ದೊರೆತಿದೆ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಸುಮಾರು 2.6 ಲಕ್ಷ ಜನರ ಮೇಲೆ ಬಿಸಿಜಿ ಲಸಿಕೆಯ ಪ್ರಯೋಗ ಆರಂಭವಾಯಿತು. 1979ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ದಂಗುಬಡಿಸಿತು. ವಯಸ್ಕರ ಶ್ವಾಸಕೋಶದ ಕ್ಷಯದಿಂದ ಲಸಿಕೆ ಅಲ್ಲಿ ರಕ್ಷಣೆ ನೀಡಿರಲಿಲ್ಲ. ಇದಕ್ಕೆ ವಿಜ್ಞಾನಿಗಳು ಕೊಟ್ಟ ಪ್ರಮುಖ ವಿವರಣೆಗಳಲ್ಲೊಂದು, ದಕ್ಷಿಣ ಭಾರತದ ಪರಿಸರದಲ್ಲಿ ಕ್ಷಯೇತರ ಮೈಕೋಬ್ಯಾಕ್ಟೀರಿಯಾ ಹೇರಳವಾಗಿದ್ದು ಜನರ ದೇಹ ಅವಕ್ಕೆ ಮೊದಲೇ ಒಗ್ಗಿಹೋಗಿತ್ತು ಎಂಬುದು. ಲಸಿಕೆಯ ಸೋಲಿಗೆ ಕಾರಣ ಹುಡುಕುವಾಗ ನೆನಪಾದ ರೋಗಾಣು, ರೋಗಿಯ ಕಫದಲ್ಲಿ ಕಾಣಿಸಿಕೊಂಡಾಗ ಮಾತ್ರ ಮರೆತೇ ಹೋಗುತ್ತದೆ.

ಕ್ಷಯವನ್ನು ಹೋಲುವವುಗಳ ಸಾಲಿನಲ್ಲಿ ಶಿಲೀಂಧ್ರವೂ ಇದೆ. ಕ್ಷಯ ವಾಸಿಯಾದ ಶ್ವಾಸಕೋಶದ ಗುಳಿಯಲ್ಲಿ ಆಸ್ಪರ್ಜಿಲಸ್ ಬೂಷ್ಟು ಮನೆ ಮಾಡುತ್ತದೆ. ಜಗತ್ತಿನಲ್ಲಿ ಹೀಗೆ ಬಳಲುವವರು 11 ಲಕ್ಷಕ್ಕೂ ಹೆಚ್ಚೆಂದು 2011ರ ಅಂದಾಜು. ರಕ್ತದ ಪ್ರತಿಕಾಯ ಪರೀಕ್ಷೆಯಿಂದ ಇದನ್ನು ಪತ್ತೆ ಹಚ್ಚಬಹುದು, ಇಟ್ರಕೊನಝೋಲ್ ಮಾತ್ರೆ 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಆದರೆ ‘ಕ್ಷಯ ಮರುಕಳಿಸಿದೆ’ ಎಂದು ರಿಫಾಂಪಿಸಿನ್ ಕೊಟ್ಟರೆ ಅದು ಇಟ್ರಕೊನಝೋಲನ್ನು ರಕ್ತದಲ್ಲಿ ನಿಲ್ಲಗೊಡುವುದಿಲ್ಲ.

ನಮ್ಮ ಕರಾವಳಿಯ ಓದುಗರಿಗೆ ಹೆಚ್ಚು ಹತ್ತಿರದ್ದು ಇನ್ನೊಂದು ರೋಗ, ಮೆಲಿಯಾಯ್ಡೊಸಿಸ್. ಇದರ ರೋಗಾಣು ಮೈಕೋಬ್ಯಾಕ್ಟೀರಿಯಾ ಕುಲದ್ದಲ್ಲ, ಕೆಂಪು ಬಣ್ಣವನ್ನೂ ಹಿಡಿಯದು. ಆದರೂ ವೇಷ ಕ್ಷಯದ್ದೇ. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಅದನ್ನು ಮೊದಲು ಗುರುತಿಸಿದರು. ಗದ್ದೆಯ ಕೆಸರಿನಲ್ಲೂ ನಿಂತ ನೀರಿನಲ್ಲೂ ಈ ರೋಗಾಣು ವಾಸಿಸುತ್ತದೆ. ಮಳೆಗಾಲದಲ್ಲಿ ಕಾಲಿನ ಗಾಯದ ಮೂಲಕವೋ ಉಸಿರಿನ ಮೂಲಕವೋ ದೇಹ ಸೇರುತ್ತದೆ. ಸಕ್ಕರೆ ಕಾಯಿಲೆ ಇರುವವರೇ ಇದರ ಮುಖ್ಯ ಬಲಿಪಶುಗಳು. ಕೆಲವರಲ್ಲಿ ನಾಲ್ಕೈದು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಇನ್ನು ಕೆಲವರಲ್ಲಿ ತಿಂಗಳುಗಟ್ಟಲೆ ಕೆಮ್ಮು, ತೂಕ ಇಳಿಕೆ, ಶ್ವಾಸಕೋಶದ ಮೇಲ್ಭಾಗದಲ್ಲಿ ಗುಳಿ. ಕಫದಲ್ಲಿ ಏನೂ ಕಾಣದಿದ್ದರೆ ‘ಕಫದಲ್ಲಿ ಕಾಣದ ಕ್ಷಯ’ ಎಂದು ಬರೆದು ಮಾತ್ರೆ ಆರಂಭಿಸುವುದು ವಾಡಿಕೆ. ಕ್ಷಯದ ಮಾತ್ರೆಗಳು ಇದಕ್ಕೆ ನಾಟುವುದಿಲ್ಲ. ಪೆನಿಸಿಲಿನ್, ಆಂಪಿಸಿಲಿನ್‌ಗಳಿಗೂ ಇದು ಮಣಿಯದು, ಸಾಮಾನ್ಯವಾಗಿ ಜೆಂಟಾಮೈಸಿನ್‌ಗೂ ಮಣಿಯದು.

2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 1.65 ಲಕ್ಷ ಮಂದಿಗೆ ಈ ರೋಗ ತಗಲುತ್ತದೆ, 89 ಸಾವಿರ ಮಂದಿ ಸಾಯುತ್ತಾರೆ. ರೋಗಿಗಳಲ್ಲಿ ಶೇ. 44ರಷ್ಟು ದಕ್ಷಿಣ ಏಷ್ಯಾದವರು. ಆಸ್ಟ್ರೇಲಿಯದ ಡಾರ್ವಿನ್ ನಗರದಲ್ಲಿ ಈ ರೋಗದಿಂದ ಸಾಯುವವರು ನೂರಕ್ಕೆ ಹತ್ತರ ಆಸುಪಾಸು, ಈಶಾನ್ಯ ಥಾಯ್ಲೆಂಡಿನಲ್ಲಿ ನಲವತ್ತರ ಆಸುಪಾಸು. ರೋಗಾಣು ಒಂದೇ, ವ್ಯತ್ಯಾಸ ಆಸ್ಪತ್ರೆಗಳದ್ದು. ಭಾರತದಲ್ಲಿ ಪತ್ತೆಯಾದ ಪ್ರಕರಣಗಳಲ್ಲಿ ಗಣನೀಯ ಪಾಲು ಉಡುಪಿ ಮತ್ತು ದಕ್ಷಿಣ ಕನ್ನಡದ್ದು. ಮಣಿಪಾಲದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು ಅದನ್ನು ವರ್ಷಗಳಿಂದ ಹುಡುಕುತ್ತಾ ಬಂದಿರುವುದೂ ಇದಕ್ಕೊಂದು ಕಾರಣ. ಹುಡುಕುವವರಿಲ್ಲದ ಜಿಲ್ಲೆಗಳಲ್ಲಿ ರೋಗವೂ ಇಲ್ಲವೆಂದು ನಂಬಲು ಗದ್ದೆಯ ಕೆಸರು ಜಿಲ್ಲೆಯ ಗಡಿಗಳನ್ನು ಬಲ್ಲದೇ?

ಸಿಟ್ಟು ಬರಿಸುವ ಸಂಗತಿಯೆಂದರೆ, ಈ ರೋಗಾಣುವನ್ನು ಹಿಡಿಯಲು ದುಬಾರಿ ಯಂತ್ರವೇನೂ ಬೇಕಾಗಿಲ್ಲ. ಸಾಮಾನ್ಯ ರಕ್ತದ ಕಲ್ಚರಿನಲ್ಲಿ ಅದು ಎರಡು ಮೂರು ದಿನಗಳಲ್ಲಿ ಬೆಳೆಯುತ್ತದೆ. ಬೆಳೆದ ಮೇಲೆ ‘ಸ್ಯೂಡೊಮೊನಾಸ್’ ಎಂಬ ಸಾಮಾನ್ಯ ಹೆಸರು ಬರೆದೋ, ಹೊರಗಿನಿಂದ ಸೇರಿಕೊಂಡ ಕಶ್ಮಲವೆಂದು ಭಾವಿಸಿಯೋ ತಟ್ಟೆಯನ್ನು ಎಸೆಯಲಾಗುತ್ತದೆ. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್‌ಗೆ ಮಣಿಯದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಮಣಿದರೆ ಇದೇ ಇರಬಹುದೆಂದು ಶಂಕಿಸಬೇಕು. ಅಂದರೆ ಮೂರು ಔಷಧ ಬಿಲ್ಲೆಗಳ ಖರ್ಚು. ಚಿಕಿತ್ಸೆಯೂ ಇದೆ: ಕನಿಷ್ಠ ಹತ್ತು ಹದಿನಾಲ್ಕು ದಿನ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದು, ಬಳಿಕ ಕನಿಷ್ಠ ಮೂರು ತಿಂಗಳು ಕೋಟ್ರೈಮಾಕ್ಸಝೋಲ್ ಮಾತ್ರೆ. ಈ ಮಾತ್ರೆ ಯಾವ ಔಷಧಾಲಯದಲ್ಲೂ ಸಿಗುವಂಥದ್ದು.

ಹಾಗಾದರೆ ತಡೆ ಎಲ್ಲಿದೆ? ಹಣ ಹರಿಯುವ ದಾರಿಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಬಡ ರಾಷ್ಟ್ರಗಳಿಗೆ ನೆರವು ನೀಡುವ ಜಾಗತಿಕ ನಿಧಿ ಏಡ್ಸ್, ಕ್ಷಯ, ಮಲೇರಿಯಾಗಳೆಂಬ ಮೂರು ಹೆಸರುಗಳಿಗೆ ಮೀಸಲು. ನಾಲ್ಕನೆಯ ಹೆಸರು ಬರೆದ ವೈದ್ಯನ ಕೈ ಬರಿದಾಗುತ್ತದೆ. ನಮ್ಮಲ್ಲೂ ನಿಕ್ಷಯ ಪೋಷಣ ಯೋಜನೆಯ ಮಾಸಿಕ ನೆರವು (2024ರ ನವೆಂಬರಿನಿಂದ ಸಾವಿರ ರೂಪಾಯಿ) ಕ್ಷಯರೋಗಿಯೆಂದು ದಾಖಲಾದವನಿಗೆ ಮಾತ್ರ. ‘ನಿನಗೆ ಇರುವುದು ಬೇರೆ ರೋಗ’ ಎಂಬ ಸತ್ಯವನ್ನು ಕೇಳಿದ ಬಡವ ಸಂತೋಷಪಡಬೇಕೋ, ಕೈತಪ್ಪಿದ ನೆರವಿಗಾಗಿ ಅಳಬೇಕೋ? ಸಾಲದ್ದಕ್ಕೆ, 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈಯಲ್ಲಿ ಆ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಕ್ಷಯ ನಿಯಂತ್ರಣಕ್ಕೆ ಅತಿ ಹೆಚ್ಚು ಹಣ ಕೊಡುತ್ತಿದ್ದ ದೇಶ ಅದೇ ಆಗಿತ್ತು. ಹಣ ಕಡಿಮೆಯಾದಾಗ ಮಾತ್ರೆ ಕೊನೆಗೂ ಹೇಗೋ ಬರುತ್ತದೆ, ಪ್ರಯೋಗಾಲಯವೇ ಮೊದಲು ಸೊರಗುತ್ತದೆ.

ಇನ್ನು ‘ಕ್ಷಯಮುಕ್ತ’ ಎಂಬ ಘೋಷಣೆಯ ಒತ್ತಡ. 2025ರೊಳಗೆ ಕ್ಷಯವನ್ನು ಕೊನೆಗಾಣಿಸುವುದಾಗಿ ಕೇಂದ್ರ ಸರಕಾರ 2018ರಲ್ಲಿ ಹೇಳಿತ್ತು. ಲಕ್ಷಕ್ಕೆ 237ರಷ್ಟಿದ್ದ ಪ್ರಮಾಣ 2015ರಿಂದ 2024ರ ನಡುವೆ 187ಕ್ಕೆ ಇಳಿದಿದೆ. ಇಳಿಕೆ ನಿಜ, ಕೊನೆ ದೂರ. ಗುರಿಯ ಹಿಂದೆ ಓಡುವ ಇಲಾಖೆಗೆ ಎಷ್ಟು ಮಂದಿಯನ್ನು ಪತ್ತೆ ಹಚ್ಚಿದೆವು, ಎಷ್ಟು ಮಂದಿ ಚಿಕಿತ್ಸೆ ಮುಗಿಸಿದರು ಎಂಬುದೇ ಲೆಕ್ಕ. ರೋಗಾಣುವಿನ ಹೆಸರು ಸರಿಯಾಗಿತ್ತೇ ಎಂಬ ಕಾಲಂ ಆ ಪಟ್ಟಿಯಲ್ಲಿಲ್ಲ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಕಲ್ಚರಿನಲ್ಲಿ ಬೆಳೆದದ್ದು ಕ್ಷಯಾಣುವೋ ಅಲ್ಲವೋ ಎಂಬುದನ್ನು ಹದಿನೈದು ನಿಮಿಷಗಳಲ್ಲಿ ಹೇಳುವ ಪಟ್ಟಿಯ ಪರೀಕ್ಷೆಯಿದೆ. ಗರ್ಭ ಪರೀಕ್ಷೆಯ ಪಟ್ಟಿಯಂತೆ ಗೆರೆ ಮೂಡುವುದನ್ನು ನೋಡಿದರಾಯಿತು. ಎರಡನೇ ಹಂತದ ಔಷಧ ಆರಂಭಿಸುವ ಮುನ್ನ ಇದು ಕಡ್ಡಾಯವಾಗಬೇಕು. ಕ್ಷಯಾಣು ಅಲ್ಲವೆಂದು ಕಂಡುಬಂದರೆ ಮಾದರಿಯನ್ನು ಪ್ರಭೇದ ಗುರುತಿಸಬಲ್ಲ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಯಾಗಬೇಕು. 1959ರಿಂದ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಇಟ್ಟುಕೊಂಡಿರುವ ರಾಜ್ಯಕ್ಕೆ ಇದು ಹೊರೆಯಾಗಬಾರದು. ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯವನಿಗೆ ಬಿಡದ ಜ್ವರ ಮತ್ತು ಕೆಮ್ಮು ಬಂದರೆ ರಕ್ತದ ಕಲ್ಚರ್ ತಾಲೂಕು ಆಸ್ಪತ್ರೆಯಲ್ಲೇ ಆಗಬೇಕು. ಈ ರೋಗಗಳಿಗೆ ಬೇಕಾದ ಔಷಧಗಳೂ ಕ್ಷಯದ ಔಷಧಗಳಂತೆಯೇ ಉಚಿತವಾಗಿ ಸಿಗಬೇಕು. ಇಲ್ಲವಾದರೆ ಸರಿಯಾದ ರೋಗನಿದಾನ ಬಡವನಿಗೆ ಒಂದು ಶಿಕ್ಷೆಯಾದೀತು.

ಖಾಸಗಿ ವೈದ್ಯರಿಗೂ ಔಷಧದಂಗಡಿಯವರಿಗೂ ಒಂದು ಮಾತು. ಪ್ರತಿ ಕೆಮ್ಮಿಗೂ ಅಜಿತ್ರೋಮೈಸಿನ್ ಕೊಡುವ ಅಭ್ಯಾಸ ನಮ್ಮ ಊರುಗಳಲ್ಲಿ ಮಿತಿ ಮೀರಿದೆ. ಏವಿಯಂ ಗುಂಪಿನ ರೋಗಾಣು ಶ್ವಾಸಕೋಶದಲ್ಲಿದ್ದಾಗ ಈ ಒಂದೇ ಔಷಧವನ್ನು ಮತ್ತೆ ಮತ್ತೆ ಕೊಟ್ಟರೆ ಅದು ನಿರೋಧಕವಾಗುತ್ತದೆ, ಮುಂದೆ ಬಳಸಲು ಉಳಿದಿದ್ದ ಮುಖ್ಯ ಆಯುಧವೂ ಕೈಬಿಟ್ಟುಹೋಗುತ್ತದೆ.

ಇದನ್ನು ಓದಿ ಯಾವ ಕ್ಷಯರೋಗಿಯೂ ತನ್ನ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಹೆಚ್ಚಿನವರಿಗೆ ಇರುವುದು ಕ್ಷಯವೇ, ನಡುವೆ ನಿಲ್ಲಿಸಿದರೆ ನಿಜವಾದ ನಿರೋಧಕ ಕ್ಷಯಕ್ಕೆ ದಾರಿಯಾಗುತ್ತದೆ. ಆದರೆ ತಿಂಗಳುಗಳ ಚಿಕಿತ್ಸೆಯ ಬಳಿಕವೂ ಕಫ ಶುದ್ಧವಾಗದಿದ್ದರೆ, ಕಲ್ಚರ್ ಆಗಿದೆಯೇ, ಬೆಳೆದ ರೋಗಾಣುವಿನ ಹೆಸರೇನು ಎಂದು ರೋಗಿಯ ಮನೆಯವರು ಕೇಳಲೇಬೇಕು ಮತ್ತು ಆ ವರದಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡೇ ಆಸ್ಪತ್ರೆಯಿಂದ ಹೊರಬರಬೇಕು.